ಕೊಲ್ಲದ ನಾಯಕಿಯನ್ನು ಬರೆದ ಬಗೆ

ನಾಯಕಿ ಯಾರನ್ನೂ ಕೊಲ್ಲಬಾರದು ಎಂದು ತೀರ್ಮಾನಿಸಿ ಫ್ಯಾಂಟಸಿ ಕಾದಂಬರಿ ಬರೆಯಲು ಕೂತರೆ ಮೊದಲು ಶುರುವಾಗುವುದು ಕೈದಿಗಳ ತಲೆನೋವು. ಸೋತವರು ಸತ್ತಿಲ್ಲ. ಅವರಿಗೆ ಊಟ ಹಾಕಬೇಕು, ರಾತ್ರಿ ಕಾಯಬೇಕು, ಗಾಯಕ್ಕೆ ಮದ್ದು ಹಚ್ಚಬೇಕು, ಹೋಗಲಿ ಅಂತ ಬಿಟ್ಟರೆ ಇನ್ನಷ್ಟು ಜನರನ್ನು ಕಟ್ಟಿಕೊಂಡು ವಾಪಸ್ ಬರುತ್ತಾರೆ. ನನಗಂತೂ ಇದರಿಂದ ಲಾಭವೇ ಆಯಿತು, ಕತೆಯ ಅರ್ಧ ಘಟನೆಗಳು ಇಲ್ಲೇ ಸಿಕ್ಕವು.

ಕೆಲವು ಕಳ್ಳದಾರಿಗಳನ್ನು ಮೊದಲೇ ಮುಚ್ಚಿಬಿಟ್ಟೆ. ಖಳನಾಯಕ ತಾನಾಗಿ ಕಾಲು ಜಾರಿ ಪ್ರಪಾತಕ್ಕೆ ಬೀಳುವಂತಿಲ್ಲ. ನಾಯಕಿ ಸುಮ್ನೆ ನಿಂತು, ಪಕ್ಕದ ಗೆಳೆಯ ಕತ್ತಿ ಬೀಸುವಂತಿಲ್ಲ. ಓದುಗರು ದಡ್ಡರಲ್ಲ ಅಲ್ವಾ. ತಲೆಗೆ ಒಂದೇಟು ಕೊಟ್ಟು ಮಲಗಿಸುವುದೂ ಬೇಡ. ಸಿನಿಮಾದಲ್ಲಿ ಹಾಗೆ ಬಿದ್ದವನು ಮೈ ಕೊಡವಿಕೊಂಡು ಏಳುತ್ತಾನೆ, ನಿಜದಲ್ಲಿ ಪ್ರಜ್ಞೆ ತಪ್ಪುವಷ್ಟು ಜೋರಾಗಿ ಹೊಡೆದರೆ ತಲೆಯೊಳಗೆ ರಕ್ತಸ್ರಾವವಾಗಿ ಸಾಯಲೂಬಹುದು. ಹಾಗಾಗಿ ಅವಳನ್ನು ದೋಣಿ ನಡೆಸುವ ಮನೆಯ ಹುಡುಗಿ ಮಾಡಿದೆ. ಹಗ್ಗ, ಬಲೆ, ಹುಟ್ಟು, ಸುಳಿ ಎಲ್ಲಿದೆ ಎಂಬ ತಿಳಿವಳಿಕೆ. ಇಷ್ಟೇ ಅವಳ ಆಯುಧ. ರಾತ್ರೋರಾತ್ರಿ ವೈರಿಗಳ ದೋಣಿಗಳನ್ನು ಬಿಚ್ಚಿಬಿಟ್ಟರೆ ಇಡೀ ಸೈನ್ಯ ಆಚೆ ದಡದಲ್ಲೇ ಉಳಿಯುತ್ತದೆ.

ಸರಿ, ಯಾಕೆ ಕೊಲ್ಲುವುದಿಲ್ಲ? ಒಳ್ಳೆಯವಳು, ಅದಕ್ಕೆ ಎಂದರೆ ಸಪ್ಪೆ. ಇಲ್ಲಿ ನನಗೆ ದಾರಿ ತೋರಿಸಿದವನು ಕರ್ಣ. ವ್ಯಾಸಭಾರತದಲ್ಲಿ ಕುಂತಿ ಬಂದು ಹುಟ್ಟಿನ ವಿಷಯ ಎತ್ತಿದಾಗ, ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಎಂದು ಅವನು ಮಾತು ಕೊಡುತ್ತಾನೆ. ಆಮೇಲೆ ಭೀಮ ಕೈಗೆ ಸಿಕ್ಕರೂ ಹಂಗಿಸಿ ಬಿಟ್ಟುಬಿಡುತ್ತಾನೆ. ಯಾಕೆ ಬಿಟ್ಟ ಅಂತ ನಮಗೆ ಗೊತ್ತು, ದುರ್ಯೋಧನನಿಗೆ ಗೊತ್ತಿಲ್ಲ. ಅಲ್ಲಿ ಗುಟ್ಟು ಮೊದಲು, ಕೊಲ್ಲದಿರುವುದು ಆಮೇಲೆ. ನಾನು ಅದನ್ನು ತಿರುಗಿಸಿದೆ. ಜೊತೆಗೆ 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯೂ ತಲೆಯಲ್ಲಿತ್ತು. ಅದರಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟಿದ್ದಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ಸಾಯುತ್ತಾರೆ. ನಾನು ಪುನರ್ಜನ್ಮ ತರಲಿಲ್ಲ, ಹಿರಿಯರ ಪಾಪದ ಸಾಲವನ್ನು ಮೊಮ್ಮಗಳ, ಅಂದರೆ ನನ್ನ ನಾಯಕಿಯ ತಲೆಗೆ ಹಾಕಿದೆ.

ನನ್ನ ಕತೆಯ ಗುಟ್ಟು ಇದು. ಜೀವ ತೆಗೆಯಬಾರದು ಎನ್ನುವುದು ಆ ಮನೆತನದ ಹೆಮ್ಮೆ. ಆದರೆ ಅವಳ ತಾತ ಹಣ ತೆಗೆದುಕೊಂಡು, ಊರು ಬಿಟ್ಟು ಓಡುತ್ತಿದ್ದ ಏಳು ಜನರನ್ನು ನಡುಹೊಳೆಯಲ್ಲಿ ಮುಳುಗಿಸಿದ್ದ. ಇದರ ಸುಳಿವನ್ನು ಎರಡನೇ ಅಧ್ಯಾಯದಲ್ಲೇ ಇಟ್ಟಿದ್ದೇನೆ: ಹಿರಿಯರ ಹಬ್ಬದ ದಿನ ಆ ಮನೆಯಲ್ಲಿ ಸತ್ತವರ ಲೆಕ್ಕಕ್ಕಿಂತ ಏಳು ಎಡೆ ಜಾಸ್ತಿ ಇಡುತ್ತಾರೆ. ಅವಳಿಗೆ ಅದು ಬರೀ ಜಾಸ್ತಿ ಕೆಲಸ, ಇಷ್ಟೊಂದು ಬಾಳೆಲೆ ಯಾಕಜ್ಜಿ ಅಂತ ಗೊಣಗುತ್ತಾಳೆ. ಅಜ್ಜಿ ಮಾತು ಬದಲಿಸುತ್ತಾಳೆ. ಸುಳಿವನ್ನು ಹೀಗೆ ಕೆಲಸದ ನಡುವೆ ಗೊಣಗಾಟದಲ್ಲಿ ಬಚ್ಚಿಟ್ಟರೆ ಓದುಗರು ಗಮನಿಸದೆ ಮುಂದೆ ಹೋಗುತ್ತಾರೆ. ಹಳೇ ಪೆಟ್ಟಿಗೆ, ಅದರೊಳಗೊಂದು ಪತ್ರ, ಇವೆಲ್ಲ ದಯವಿಟ್ಟು ಬೇಡ.

ಗುಟ್ಟನ್ನು ಹೊರಗೆ ಹಾಕುವವನು ಒಬ್ಬ ಕೈದಿ. ಅವನ ಮನೆಯವರು ದೋಣಿ ಹತ್ತಿದ್ದರು, ಆಚೆ ದಡ ಸೇರಲೇ ಇಲ್ಲ. ಅವನನ್ನು ಅವಳು ಅವತ್ತೇ ಕೊಂದಿದ್ದರೆ ವಿಷಯ ಹೊರಗೆ ಬರುತ್ತಲೇ ಇರಲಿಲ್ಲ. ಈಗ ಅವನಿಗೆ ಅಜ್ಜಿಯ ಮೇಲೆ ಸೇಡು ತೀರಿಸಿಕೊಳ್ಳಬೇಕು, ಅವನಿಗೆ ದಿನಾ ಊಟ ಕೊಡುತ್ತಿರುವುದೂ ಅದೇ ಅಜ್ಜಿ. ಸದ್ಯ ಆ ಅಧ್ಯಾಯ ಬರೆಯುತ್ತಿದ್ದೇನೆ.