ದುಂಡು ಮಲ್ಲಿಗೆ ಹೂ ಬಿಡುತ್ತಿಲ್ಲವೇ? ಮೊದಲು ಕಡ್ಡಿ ಸವರಿ

ಗಿಡವೇನೋ ಸೊಂಪಾಗಿದೆ, ಹೂ ಮಾತ್ರ ಇಲ್ಲ. ದುಂಡು ಮಲ್ಲಿಗೆ ಹಾಕಿದವರ ದೂರು ಸಾಮಾನ್ಯವಾಗಿ ಇದೇ. ಹೋಗಿ ನೋಡಿದರೆ ಕಡ್ಡಿಗಳು ಉದ್ದುದ್ದ ಚಾಚಿಕೊಂಡಿರುತ್ತವೆ, ಕತ್ತರಿ ಸೋಕಿರುವುದೇ ಇಲ್ಲ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಕಡ್ಡಿ ಉಳಿಸಿಕೊಂಡು ಹೂ ಬೇಕೆಂದರೆ ಹೇಗೆ?

ನೆಡುವುದು ಸುಲಭ. ಜೂನ್‌–ಜುಲೈನಲ್ಲಿ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವ ಕಡೆ, ನೀರು ಬಸಿದು ಹೋಗುವ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಕುಂಡವಾದರೆ 14 ಇಂಚಿನದು ಇರಲಿ. ನೆರಳಿನ ಬಾಲ್ಕನಿಯಲ್ಲಿ ಮಲ್ಲಿಗೆ ಬೇಡವೇ ಬೇಡ.

ಇನ್ನು ಸವರುವ ಕೆಲಸ. ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ಮುಗಿಸಿ. ಅದಕ್ಕೆ ಒಂದು ವಾರ ಮೊದಲೇ ನೀರು ಕಡಿಮೆ ಮಾಡಿ. ಮೊದಲು ಒಣಗಿದ, ರೋಗ ಬಂದ, ಒಳಕ್ಕೆ ತಿರುಗಿದ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಉಳಿದವನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಕತ್ತರಿಸುವ ಜಾಗ ಗೆಣ್ಣಿನ, ಅಂದರೆ ಎಲೆ ಹೊರಡುವ ಗಂಟಿನ, ಸ್ವಲ್ಪ ಮೇಲಿರಬೇಕು, ಗೆಣ್ಣು ಹೊರಮುಖವಾಗಿರಬೇಕು. ಆಗ ಚಿಗುರು ಹೊರಗೆ ಹರಡುತ್ತದೆ, ಗಿಡ ಗುಂಡಗಾಗುತ್ತದೆ. ಕತ್ತರಿ ಹರಿತವಾಗಿರಲಿ. ಅಡುಗೆಮನೆಯ ಚಾಕುವಿನಲ್ಲಿ ಕೊಯ್ದರೆ ಕಡ್ಡಿ ಸೀಳಿ, ತುದಿಯಿಂದ ಒಣಗುತ್ತಾ ಬರುತ್ತದೆ. ಉಳಿದ ಎಲೆಗಳನ್ನೂ ಕೈಯಿಂದ ಬಿಡಿಸಿಬಿಡಿ. ಗಿಡ ಬೋಳಾಗಿ ಕಾಣುತ್ತದೆ, ಗಾಬರಿ ಬೇಡ. ಇಲ್ಲೇ ಅನೇಕರು ಧೈರ್ಯ ಸಾಲದೆ ತುದಿ ಮಾತ್ರ ಚಿವುಟಿ ಸುಮ್ಮನಾಗುತ್ತಾರೆ. ತುದಿ ಚಿವುಟುವುದು ಮೊದಲ ವರ್ಷದ ಎಳೆ ಗಿಡಕ್ಕೆ ಸಾಕು, ಬೆಳೆದ ಗಿಡಕ್ಕೆ ಸಾಲದು.

ಸವರಿದ ಮೇಲೆ ಬುಡದಿಂದ ಒಂದು ಗೇಣು ಬಿಟ್ಟು ಮಣ್ಣು ಸಡಿಲಿಸಿ, ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ, ನೀರು ಕೊಡಿ. ಚಿಗುರು ಬಂದ ಮೇಲೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಚೆನ್ನಾಗಿ ತೆಳುಮಾಡಿ ಹಾಕಿ. ಉಡುಪಿಯ ಶಂಕರಪುರದ ಬೆಳೆಗಾರರು ನೆಚ್ಚಿಕೊಂಡಿರುವುದೂ ಈ ಹಿಂಡಿಯನ್ನೇ. ವಾಸನೆ ಬರುತ್ತದೆ ನಿಜ, ಆದರೆ ಅಂಗಡಿಯವರು ಕೊಡುವ ‘ಹೂ ಬರಿಸುವ’ ಬಣ್ಣದ ಬಾಟಲಿಗಿಂತ ಇದು ಎಷ್ಟೋ ಮೇಲು. ಯೂರಿಯಾ ಹಾಕಿದರೆ ಎಲೆಯೇ ಜಾಸ್ತಿ.

ಮಾರ್ಚ್ ಹೊತ್ತಿಗೆ ಮೊಗ್ಗು ಶುರು. ಮೊಗ್ಗಿನಲ್ಲಿ ತೂತು ಕಂಡರೆ ಒಳಗೆ ಹುಳ ಇದೆ ಅಂತ ಅರ್ಥ. ಅಂಥ ಮೊಗ್ಗು ಕಿತ್ತು ಗಿಡದಿಂದ ದೂರ ಹಾಕಿ. ಬೇವಿನೆಣ್ಣೆಯನ್ನು ಲೀಟರ್ ನೀರಿಗೆ 5 ಮಿಲಿ ಲೀಟರ್, ಎರಡು ಹನಿ ಸೋಪಿನ ನೀರಿನ ಜೊತೆ ಬೆರೆಸಿ ಸಂಜೆ ಸಿಂಪಡಿಸಿ. ಒಂದು ಸುತ್ತು ಹೂ ಮುಗಿದ ಕೂಡಲೇ ಆ ಕಡ್ಡಿಗಳ ತುದಿಯನ್ನು ಎರಡು ಗೆಣ್ಣಿನಷ್ಟು ಕತ್ತರಿಸಿ, ಮತ್ತೆ ಚಿಗುರುತ್ತದೆ. ಮಳೆಗಾಲ ಬಂದಾಗ ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ಅದರಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.