ದವಡೆ ಕೀಲಿನ ನೋವು: ಸ್ಕ್ಯಾನ್‌ಗೂ ಮೊದಲು ಆಗಬೇಕಾದ ಪರೀಕ್ಷೆ

ಕಿವಿನೋವು ಅಂತ ಹೋಗಿ, ಕಿವಿ ಸರಿಯಾಗಿದೆ ಅಂತ ಹೇಳಿಸಿಕೊಂಡು ವಾಪಸ್ ಬಂದಿದ್ದೀರಾ? ಕಿವಿಯ ಮುಂದೆಯೇ ದವಡೆಯ ಕೀಲಿದೆ, ನೋವು ಅಲ್ಲಿಂದಲೂ ಬಂದಿರಬಹುದು. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ, ಅದು ಆಡುವುದು ಕೈಗೇ ಗೊತ್ತಾಗುತ್ತದೆ.

ಡಾಕ್ಟರ್ ಹತ್ತಿರ ಹೋಗುವ ಮೊದಲು ಒಂದಿಷ್ಟು ಬರೆದಿಟ್ಟುಕೊಳ್ಳಿ. ಕಳೆದ 30 ದಿನಗಳಲ್ಲಿ ದವಡೆ ಅಥವಾ ಕಣತಲೆ ನೋವಿತ್ತಾ, ಬೆಳಗ್ಗೆ ಎದ್ದಾಗ ದವಡೆ ಬಿಗಿದಿರುತ್ತಾ, ಚಕ್ಕುಲಿಯಂಥ ಗಟ್ಟಿ ತಿಂಡಿ ಅಗಿದಾಗ, ಆಕಳಿಸಿದಾಗ, ಹಲ್ಲು ಕಚ್ಚಿ ಹಿಡಿದಾಗ ನೋವು ಏರುತ್ತಾ ಇಳಿಯುತ್ತಾ? ಮೊದಲ ಹಂತದ ತಪಾಸಣೆಯಲ್ಲಿ ಕೇಳುವುದು ಇವನ್ನೇ.

ಆಮೇಲೆ ಕನ್ನಡಿ ಮುಂದೆ ನಿಂತು ಆದಷ್ಟು ಬಾಯಿ ತೆರೆಯಿರಿ, ಬಲವಂತ ಬೇಡ. ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಮೀಟರ್ ಅಥವಾ ಜಾಸ್ತಿ ಜಾಗ ಬರುತ್ತದೆ. ಸ್ಕೇಲ್ ಇಲ್ಲವಾ, ನಿಮ್ಮದೇ ಮೂರು ಬೆರಳು ಒತ್ತಾಗಿ ಜೋಡಿಸಿ, ಹಲ್ಲುಗಳ ನಡುವೆ ಹಿಡಿಸುತ್ತಾ ನೋಡಿ. ಅಡಿಕೆ, ಗುಟ್ಕಾ ಜಗಿಯುವವರಿಗೆ ಬಾಯಿ ಪೂರ್ತಿ ತೆರೆಯದಿದ್ದರೆ ಕೀಲನ್ನೇ ದೂರಬೇಡಿ, ಕೆನ್ನೆಯ ಒಳಪದರ ಗಟ್ಟಿಯಾಗಿರಬಹುದು. ಅದು ಮುಂದೆ ಕ್ಯಾನ್ಸರ್ ಆಗಬಲ್ಲದು, ದಯವಿಟ್ಟು ತಕ್ಷಣ ತೋರಿಸಿ.

ಟಕ್ ಅನ್ನುವ ಸದ್ದಿಗೆ ಹೆದರುವವರೇ ಜಾಸ್ತಿ. ಕೀಲಿನ ನಡುವೆ ಮೆತ್ತೆಯಂತಿರುವ ಪುಟ್ಟ ಡಿಸ್ಕ್ ಜಾರಿ, ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಕೂರುವ ಸದ್ದು ಅದು. ನೋವಿಲ್ಲ, ಬಾಯಿ ಚೆನ್ನಾಗಿ ತೆರೆಯುತ್ತದೆ ಅಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಆದರೆ ಇದ್ದ ಸದ್ದು ತಟ್ಟನೆ ನಿಂತು, ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ತಡ ಮಾಡಬೇಡಿ.

ಹಲ್ಲಿನ ಡಾಕ್ಟರು ಕೆನ್ನೆ ಮತ್ತು ಕಣತಲೆಯ ಸ್ನಾಯುಗಳನ್ನು ಸುಮಾರು 1 ಕಿಲೋ ಒತ್ತಡದಲ್ಲಿ, ಕೀಲನ್ನು ಇನ್ನೂ ಮೆಲ್ಲಗೆ ಒತ್ತಿ ನೋಡುತ್ತಾರೆ. ದವಡೆ ಕೀಲಿನ ತೊಂದರೆಗಳನ್ನು ಗುರುತಿಸಲು 2014ರಲ್ಲಿ ಬಂದ ಡಿಸಿ/ಟಿಎಂಡಿ ಎಂಬ ಮಾನದಂಡದ ಕ್ರಮ ಇದು. ಆಗ ಒಂದು ಪ್ರಶ್ನೆ ಬರುತ್ತದೆ: ಇದು ನಿಮಗೆ ಯಾವಾಗಲೂ ಬರುವ ಅದೇ ನೋವಾ? ಗಟ್ಟಿಯಾಗಿ ಒತ್ತಿದರೆ ಯಾರಿಗಾದರೂ ನೋಯುತ್ತದೆ, ಅಲ್ವಾ? ಹಾಗಾಗಿ ಸುಮ್ನೆ ಹೂಂ ಅನ್ನಬೇಡಿ, ಯೋಚಿಸಿ ಹೇಳಿ. ನಿದ್ದೆ, ಚಿಂತೆ ಬಗ್ಗೆ ಕೇಳಿದರೆ ಬೇಸರ ಬೇಡ, ನಿಮ್ಮ ನೋವು ಸುಳ್ಳು ಅಂತ ಅದರ ಅರ್ಥ ಅಲ್ಲ.

50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಅಗಿಯುವಾಗ ದವಡೆ ಸೋತು, ಕಣ್ಣು ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದರೆ ಹೃದಯ ತೋರಿಸಿ.

ಸ್ಕ್ಯಾನ್ ಎಲ್ಲರಿಗೂ ಬೇಡ. ಡಿಸ್ಕ್ ನೋಡಲು ಎಂಆರ್‌ಐ, ಮೂಳೆ ನೋಡಲು ಸಿಬಿಸಿಟಿ ಎಂಬ ಒಂದು ಬಗೆಯ ಸಿಟಿ ಸ್ಕ್ಯಾನ್. ಬರೆದುಕೊಟ್ಟರೆ, ಇದರಿಂದ ಚಿಕಿತ್ಸೆ ಬದಲಾಗುತ್ತಾ ಅಂತ ಕೇಳಿ. ಮೊದಲ ಭೇಟಿಯಲ್ಲೇ ಹಲ್ಲು ತೇಯಿಸಿ, ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿ ಸರಿ ಮಾಡೋಣ ಅಂದರೆ ಒಪ್ಪಬೇಡಿ, ತೇಯಿಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.