ಬಿಸಿ ಗಂಧಕಕ್ಕೆ ತಕ್ಕ ಸ್ಟೇನ್‌ಲೆಸ್ ಸ್ಟೀಲ್ ಆರಿಸುವ ಬಗೆ

ತೈಲ ಶುದ್ಧೀಕರಣಾಗಾರದಲ್ಲಿ ಗಂಧಕವಿರುವ ಕಚ್ಚಾ ತೈಲವು ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಉಕ್ಕನ್ನು ತಿನ್ನತೊಡಗುತ್ತದೆ. ಇಂಥ ಜಾಗಕ್ಕೆ ಲೋಹ ಆರಿಸುವವರು ಗ್ರೇಡಿನ ಹೆಸರಿಗೆ ಹೋಗುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಲೋಹದ ಮೈ ಎಷ್ಟು ಬಿಸಿಯಾಗುತ್ತದೆ, ಗಂಧಕ ಯಾವ ರೂಪದಲ್ಲಿದೆ. ಕುಲುಮೆಯ ಕೊಳವೆಗಳಲ್ಲಿ ಲೋಹದ ತಾಪವು ಒಳಗಿನ ತೈಲದ ತಾಪಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ಮೊದಲು ನೋಡಬೇಕಾದದ್ದು ಕ್ರೋಮಿಯಂ. ಬರಿಯ ಉಕ್ಕಿನ ಮೇಲೆ ಕಟ್ಟುವ ಕಬ್ಬಿಣದ ಸಲ್ಫೈಡ್ ಪದರದ ಹರಳುಗಳಲ್ಲಿ ಖಾಲಿ ಜಾಗಗಳು ಬಹಳ. ಅವುಗಳ ಮೂಲಕ ಕಬ್ಬಿಣದ ಅಯಾನುಗಳು ಸಲೀಸಾಗಿ ಹೊರಬರುವುದರಿಂದ ಪದರ ದಪ್ಪವಾದರೂ ಸವೆತ ನಿಲ್ಲುವುದಿಲ್ಲ. ಕ್ರೋಮಿಯಂ ಈ ಹಾದಿಯನ್ನು ಬಿಗಿಗೊಳಿಸುತ್ತದೆ. ಹೈಡ್ರೋಜನ್ ಇಲ್ಲದ ತೈಲಕ್ಕೆ ಶೇಕಡಾ 5 ಅಥವಾ 9 ಕ್ರೋಮಿಯಂ ಇರುವ ಉಕ್ಕೇ ಅನೇಕ ವೇಳೆ ಸಾಕು. ಆದರೆ ಹೈಡ್ರೋಜನ್ ಜೊತೆ ಹೈಡ್ರೋಜನ್ ಸಲ್ಫೈಡ್ ಇರುವ ಘಟಕಗಳಲ್ಲಿ ಅಷ್ಟರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಲ್ಲಿ ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುವ 300 ಸರಣಿಯ ಸ್ಟೇನ್‌ಲೆಸ್ ಸ್ಟೀಲಿಗೇ ಹೋಗುವುದು ಲೇಸು.

ಎಡವಟ್ಟಾಗುವುದು ಹೆಚ್ಚಾಗಿ ನಿಕಲ್ ವಿಷಯದಲ್ಲಿ. ದುಬಾರಿ ಲೋಹ ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ನಿಕಲ್ ಮತ್ತು ಅದರ ಸಲ್ಫೈಡ್ ಸೇರಿದ ಮಿಶ್ರಣ ಸುಮಾರು 640 ಡಿಗ್ರಿಗೇ ಕರಗುತ್ತದೆ. ಆಮ್ಲಜನಕ ಕಡಿಮೆಯಿದ್ದು ಗಂಧಕ ಹೆಚ್ಚಿರುವ ಬಿಸಿ ಅನಿಲದಲ್ಲಿ ಈ ದ್ರವವು ಲೋಹದ ಕಣಗಳ (ಅದರೊಳಗಿನ ಸಣ್ಣ ಹರಳುಗಳ) ಗಡಿಗಳೊಳಗೆ ಇಳಿದು, ಹೊರನೋಟಕ್ಕೆ ಗಟ್ಟಿಯಾಗಿ ಕಾಣುವ ಭಾಗವನ್ನೂ ಒಳಗಿನಿಂದ ಕೊರೆಯುತ್ತದೆ. ಅಲ್ಲಿ ಶೇಕಡಾ 20 ನಿಕಲ್ ಇರುವ 310 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಗಿಂತ, ನಿಕಲ್ ಬಹುತೇಕ ಇಲ್ಲದ 446 ಗ್ರೇಡು ಹೆಚ್ಚು ತಡೆಯುತ್ತದೆ. 446 ಬಳಸುವುದಾದರೆ ಅದು 475 ಡಿಗ್ರಿಯ ಆಸುಪಾಸಿನಲ್ಲಿ ದೀರ್ಘಕಾಲ ಇದ್ದರೆ ಪೆಡಸಾಗುತ್ತದೆಂಬುದು ನೆನಪಿರಲಿ. ಆಮ್ಲಜನಕ ಧಾರಾಳವಾಗಿರುವ ಗಂಧಕದ ಡೈಆಕ್ಸೈಡ್ ಅನಿಲದಲ್ಲಾದರೆ ಕ್ರೋಮಿಯಂ ಆಕ್ಸೈಡ್ ಪದರವೇ ಕಾಯುವುದರಿಂದ 310 ಚೆನ್ನಾಗಿ ಬಾಳುತ್ತದೆ.

ಅಲ್ಪ ಪ್ರಮಾಣದ ಧಾತುಗಳನ್ನೂ ಕಡೆಗಣಿಸುವಂತಿಲ್ಲ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ ಶೆವ್ರಾನ್ ಶುದ್ಧೀಕರಣಾಗಾರದ ಕಾರ್ಬನ್ ಸ್ಟೀಲ್ ಪೈಪೊಂದು ಒಡೆದು ಬೆಂಕಿ ಹತ್ತಿತು. ಒಡೆದ ತುಂಡಿನಲ್ಲಿ ಸಿಲಿಕಾನ್ ಶೇಕಡಾ 0.01 ಮಾತ್ರ ಇತ್ತು. ಅದರ ಪಕ್ಕದ, ಶೇಕಡಾ 0.16 ಸಿಲಿಕಾನ್ ಇದ್ದ ಎಲ್ಬೋ (ಪೈಪಿನ ತಿರುವಿನ ತುಂಡು) ಅಷ್ಟಾಗಿ ಸವೆದಿರಲಿಲ್ಲ. ಆದ್ದರಿಂದ ಲೋಹದಲ್ಲಿ ಯಾವ ಧಾತು ಎಷ್ಟಿದೆಯೆಂದು ತಿಳಿಸುವ ಟೆಸ್ಟ್ ಸರ್ಟಿಫಿಕೇಟಿನ ಸಣ್ಣ ಅಂಕಿಗಳನ್ನೂ ಓದಬೇಕು. ಅಲ್ಯೂಮಿನಿಯಂ ಇನ್ನೂ ಬಲವಾದ ರಕ್ಷಣೆ ಕೊಡುತ್ತದಾದರೂ ಬೆಸುಗೆ ಕಷ್ಟವಾಗುವುದರಿಂದ ಅದನ್ನು ಮೇಲ್ಮೈ ಪದರಕ್ಕಷ್ಟೇ ಸೇರಿಸುವುದು ರೂಢಿ. ಕೆಲವು ಕಚ್ಚಾ ತೈಲಗಳಲ್ಲಿ ಸಹಜವಾಗಿರುವ ನ್ಯಾಫ್ತೆನಿಕ್ ಆಮ್ಲವೂ ತೈಲದಲ್ಲಿ ಇದ್ದರೆ ಮಾಲಿಬ್ಡಿನಂ ಕನಿಷ್ಠ ಶೇಕಡಾ 2.5 ಇರುವ 316 ಅಥವಾ 317 ಕೇಳಬೇಕು.

ಟೈಟಾನಿಯಂ ಇರುವ 321, ನಿಯೋಬಿಯಂ ಇರುವ 347 ಗ್ರೇಡುಗಳ ಉಪಯೋಗ ತಿಳಿಯುವುದು ಘಟಕ ನಿಲ್ಲಿಸಿದಾಗ. ಸಲ್ಫೈಡ್ ಪದರಕ್ಕೆ ಗಾಳಿ, ತೇವ ತಗುಲಿದರೆ ಪಾಲಿಥಯೋನಿಕ್ ಆಮ್ಲವೆಂಬ ಗಂಧಕದ ಆಮ್ಲ ಹುಟ್ಟುತ್ತದೆ. ಕಣಗಳ ಗಡಿಯಲ್ಲಿ ಕ್ರೋಮಿಯಂ ಕಾರ್ಬೈಡ್ (ಕ್ರೋಮಿಯಂ ಮತ್ತು ಇಂಗಾಲದ ಸಂಯುಕ್ತ) ಕೂಡಿದ್ದ 304ರಂಥ ಉಕ್ಕು ಅದರಿಂದ ಬಿರುಕು ಬಿಡುತ್ತದೆ. ಟೈಟಾನಿಯಂ, ನಿಯೋಬಿಯಂಗಳು ಇಂಗಾಲವನ್ನು ತಾವೇ ಹಿಡಿದಿಟ್ಟು ಈ ಅಪಾಯವನ್ನು ಕುಗ್ಗಿಸುತ್ತವೆ. ಆದರೂ ಉಪಕರಣವನ್ನು ಗಾಳಿಗೆ ತೆರೆಯುವ ಮೊದಲು ಸುಮಾರು ಶೇಕಡಾ 2ರ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ದ್ರಾವಣದಿಂದ ಪೂರ್ತಿ ತೋಯಿಸಿ, ಬಸಿದ ಮೇಲೆ ನೀರಿನಿಂದ ತೊಳೆಯದೆ, ಮೇಲ್ಮೈಯಲ್ಲಿ ಉಳಿದ ಕ್ಷಾರ ಹಾಗೇ ಒಣಗಲು ಬಿಡಬೇಕು.